ನಾಲ್ಕು ಬೆರಳಿನ ತೊಗಲು

ನಮ್ಮ ಯಜಮಾನರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಇಂಜಿನ್ನಿನ ಮುಖವನ್ನು. ಹಳೆಯ ಧೋತರದ ತುಂಡಿನಿಂದ ಅದರ ಮೈ ಒರೆಸಿ, ಬೇಕಾದಲ್ಲಿ ಎಣ್ಣೆ ಬಿಟ್ಟು, ಅದರ ಜೊತೆ ಎರಡು ಮಾತಾಡಿದ ಮೇಲೆಯೇ ಅವರು ರೊಟ್ಟಿಗೆ ಕೂಡುತ್ತಿದ್ದರು. ನನ್ನ ಜೊತೆ ಮಾತಾಡಿದ್ದು ಉಪ್ಪು ಕಡಿಮೆಯಾದ ದಿನ ಮಾತ್ರ. ಅವರ ಹೆಸರು ನಾನು ಹೇಳುವುದಿಲ್ಲ, ನಮ್ಮ ಮಾವ ಕೂಗಿದಾಗ ನಿಮಗೇ ಗೊತ್ತಾಗುತ್ತದೆ.

ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ದಾಳಿಂಬೆ ತೋಟ. ಆ ಸುತ್ತಿನಲ್ಲಿ ಬಾವಿಗೆ ಎಣ್ಣೆ ಇಂಜಿನ್ನು ಇಳಿಸಿದವರಲ್ಲಿ ಇವರೇ ಮೊದಲಿಗರು. ಮದುವೆಗೆ ಮುಂಚೆ ಗದಗಿನ ಅರಳೆ ಗಿರಣಿಯೊಂದರಲ್ಲಿ ಮೂರು ವರ್ಷ ದುಡಿದು ಬಂದವರು. ಆದ್ದರಿಂದ ಯಂತ್ರದ ಮಾತು ಬಂದರೆ ಮನೆಯಲ್ಲಿ ಬೇರೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ನಾನಂತೂ ಹನ್ನೊಂದು ವರ್ಷ ಬಿಚ್ಚಿರಲಿಲ್ಲ. ಯಂತ್ರದ ಮಾತಿಗೆ ಮಾತ್ರವಲ್ಲ, ಯಾವ ಮಾತಿಗೂ.

ಅದು ೧೯೪೩ರ ಬೇಸಿಗೆ. ಯುದ್ಧ ನಡೆದಿತ್ತು, ರಬ್ಬರು ಎಂಬುದು ಎಲ್ಲಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ರಬ್ಬರಿಗೂ ನಮ್ಮ ಬಾವಿಗೂ ಏನು ಸಂಬಂಧ ಎಂದು ಕೇಳಬಹುದು. ಬಾವಿ ಆರಾಳು ಆಳ. ಅರ್ಧದಲ್ಲಿ, ಮೂರಾಳು ಕೆಳಗೆ, ಗೋಡೆ ಕೊರೆದು ಒಂದು ಕಟ್ಟೆ ಮಾಡಿ ಅದರ ಮೇಲೆ ಇಂಜಿನ್ನು, ಪಂಪು ಕೂಡಿಸಿದ್ದರು. ತಳದಿಂದ ಮೇಲೆ ಬರುವ ಪೈಪಿನ ಬಾಯಿಗೊಂದು, ಪಂಪಿನ ಬಾಯಿಗೊಂದು ಕಬ್ಬಿಣದ ಬಿಲ್ಲೆ. ಆ ಎರಡು ಬಿಲ್ಲೆ ಕೂಡಿಸಿ ನಾಲ್ಕು ಬೋಲ್ಟು ಬಿಗಿದಿದ್ದರು. ಕಬ್ಬಿಣಕ್ಕೆ ಕಬ್ಬಿಣವನ್ನು ಎಷ್ಟು ಬಿಗಿದರೂ ಸಂದಿ ಉಳಿಯುತ್ತದೆ. ಆ ಸಂದಿಗೆ ಬಳೆಯಂಥ ಮೆತ್ತನೆಯ ತುಂಡೊಂದನ್ನು ಇಡಬೇಕು. ಅದಕ್ಕೆ ಗ್ಯಾಸ್ಕೆಟ್ಟು ಎನ್ನುತ್ತಿದ್ದರು. ಅದು ಹರಿದರೆ ಪಂಪು ನೀರು ಕುಡಿಯುವ ಬದಲು ಗಾಳಿ ಕುಡಿಯುತ್ತದೆ. ರಬ್ಬರಿನದು ಸವೆದು ಹೋದ ಮೇಲೆ ಇವರು ರಟ್ಟನ್ನು ಅಗಸಿ ಎಣ್ಣೆಯಲ್ಲಿ ನೆನೆಸಿ, ತಾವೇ ಕತ್ತರಿಸಿ ಹಾಕುತ್ತಿದ್ದರು. ತಿಂಗಳು ಬಾಳಿದರೆ ಹೆಚ್ಚು.

ಆ ದಿನ ಸಂತೆ. ಆಳುಗಳೆಲ್ಲ ಕುಷ್ಟಗಿಗೆ ಹೋಗಿ, ತೋಟದಲ್ಲಿ ಉಳಿದವರು ಐದೇ ಜನ: ಯಜಮಾನರು, ನಾನು, ಮಾವ ಮುದಿಯಪ್ಪ, ನಮ್ಮಲ್ಲಿ ದುಡಿಯುತ್ತಿದ್ದ ಆದೆಪ್ಪ ಮತ್ತು ಅವನ ಹೆಂಡತಿ ಸುಂಕಲಮ್ಮ. ಪೈಪಿನ ತಳದ ಜಾಲರಿಗೆ ಕೆಸರು ಕಟ್ಟಿದೆ ಎಂದು ಯಜಮಾನರು ಬಾವಿಯ ತಳಕ್ಕೆ ಇಳಿದರು. ಇಂಜಿನ್ನು ಓಡುತ್ತಲೇ ಇತ್ತು. ಅದು ಎಳೆಯುತ್ತಿರುವ ತನಕ ತಳದಲ್ಲಿ ಮೊಣಕಾಲಿಗಿಂತ ಹೆಚ್ಚು ನೀರು ನಿಲ್ಲುತ್ತಿರಲಿಲ್ಲ. ಅವರು ಬಗ್ಗಿ ಕೆಸರು ತೋಡುತ್ತಿದ್ದಾಗ ಗೋಡೆಯ ಬುಡದ ಕಲ್ಲೊಂದು ಜಾರಿತು.

ಕೂಗು ಕೇಳಿ ನಾನು ದಂಡೆಗೆ ಓಡಿ ಬಂದೆ. ಅವರು ಕೆಸರಿನಲ್ಲಿ ಕುಸಿದು ಕೂತಿದ್ದರು. ಎಡಗಾಲು ಮೊಣಕಾಲಿನಿಂದ ಕೆಳಗೆ ಕಾಣಿಸುತ್ತಿರಲಿಲ್ಲ. ಅದರ ಮೇಲೆ ಮೂರು ಮಂದಿ ಕೂಡಿ ಎತ್ತಬೇಕಾದಂಥ ಕಲ್ಲು. 

ಆದೆಪ್ಪ ಹಾರೆ ಹಿಡಿದು ಇಳಿದ. ಕಲ್ಲಿನ ಕೆಳಗೆ ಹಾರೆ ಕೊಟ್ಟು ಮೀಟಿದ ಕೂಡಲೇ ಮೇಲಿನ ಸಾಲಿನಿಂದ ಮಣ್ಣು ಉದುರಿತು. ಅವನು ಕೈ ಬಿಟ್ಟು ಮೇಲೆ ನೋಡಿದ.

"ಸುಮ್ನ ಮೀಟಿದ್ರ ಮ್ಯಾಲಿನ ಕಲ್ಲೂ ಬರ್ತಾವ್ರಿ, ಧಣ್ಯಾರ. ಮೊದಲ ಅವಕ್ಕ ಕಟಗಿ ಆನಿಸಬೇಕು. ನೀರು ಹಿಂಗ ಕಡಿಮಿ ಇದ್ರ ಆಗತೈತಿ."

"ಹಂಗ ಮಾಡು. ಗಾಬರಿ ಆಗಬ್ಯಾಡ," ಎಂದರು ಇವರು. ಹಲ್ಲು ಕಚ್ಚಿ ಹಿಡಿದದ್ದು ಮೇಲಿನವರೆಗೂ ಗೊತ್ತಾಗುತ್ತಿತ್ತು.

ನಾನು, ಸುಂಕಲಮ್ಮ ಕೂಡಿ ಜಾಲಿ ತುಂಡುಗಳನ್ನು ಹಗ್ಗದಲ್ಲಿ ಇಳಿಸತೊಡಗಿದೆವು. ಎರಡನೆಯ ತುಂಡು ಇಳಿಯುತ್ತಿರುವಾಗ ಇಂಜಿನ್ನಿನ ಸಪ್ಪಳ ಬದಲಾಯಿತು. ಭಾರ ಹೊತ್ತು ಏದುತ್ತಿದ್ದದ್ದು ಹಗುರಾಗಿ, ಹುಚ್ಚು ಹಿಡಿದಂತೆ ಓಡಿತು. ಕಾಲುವೆಗೆ ಬೀಳುತ್ತಿದ್ದ ನೀರು ನಿಂತಿತು. ಏನಾಯಿತು ಎಂದು ಮೊದಲು ತಿಳಿದದ್ದು ಕೆಳಗಿದ್ದವರಿಗೇ.

"ಗ್ಯಾಸ್ಕೆಟ್ಟು ಹೋತು!" ಎಂದು ಕೂಗಿದರು. "ಇಂಜಿನ್ ಬಂದ್ ಮಾಡು. ಕಟ್ಟಿ ಮ್ಯಾಲ ಇಳಿ. ಬಲಗಡೆ ಸಣ್ಣ ಹಿಡಿಕಿ ಐತಿ, ಅದನ್ನ ಎಳಿ."

ಹನ್ನೊಂದು ವರ್ಷದಲ್ಲಿ ನಾನು ಆ ಯಂತ್ರವನ್ನು ಮುಟ್ಟಿದ್ದು ಅದೇ ಮೊದಲು. ಹಿಡಿಕೆ ಎಳೆದೆ, ಅದು ಕೆಮ್ಮಿ ನಿಂತಿತು. ಆಗ ಬಾವಿಯಲ್ಲಿ ಬೇರೆ ಸಪ್ಪಳ ಕೇಳಿಸಿತು. ಸೆಲೆ ಒಸರುವ ಸಪ್ಪಳ. ನಮ್ಮ ಬಾವಿಯ ಸೆಲೆ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ನಾವು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆವು. ಅವತ್ತು ಆ ಸೆಲೆಯೇ ನಮಗೆ ಮುಳುವಾಯಿತು. ಕುಷ್ಟಗಿಗೆ ಓಡಿ ಜನರನ್ನು ಕರೆದು ತರುವಷ್ಟರಲ್ಲಿ ಕೂತವರ ತಲೆಯ ಮೇಲೆ ನೀರು ನಿಲ್ಲುತ್ತಿತ್ತು.

"ಈಗ ಕೇಳು," ಎಂದರು ಅವರು. "ಗುಡಸಲದಾಗ ಹಳೇ ಕಪಲಿ ತೊಗಲು ಐತಿ. ಛಲೋ ಇದ್ದಲ್ಲಿ ನೋಡಿ ಒಂದು ತುಂಡು ತಗಿ. ನಡಕ ಬಾಯಿ ನಾಲ್ಕ ಬೆರಳು. ಬಾಯಿ ಅಂಚಿಂದ ಒಂದ ಬೆರಳು ಬಿಟ್ಟು ತೂತು. ನಾಲ್ಕ ತೂತು. ಮೊಳಿ ಕಾಸಿ ಹಾಕು."

"ನಾಲ್ಕ ಬೆರಳೇನ್ರಿ?"

"ನಾಲ್ಕ ಬೆರಳು! ಎಷ್ಟು ಗ್ಯಾಸ್ಕೆಟ್ಟು ಕೊಯ್ದೀನಿ ನಾನು. ಹೇಳಿದಷ್ಟು ಮಾಡು."

ಇಂಜಿನ್ನು ಬರುವ ಮೊದಲು ನಮ್ಮಲ್ಲಿ ಕಪಲಿ ಇತ್ತು. ದೊಡ್ಡ ತೊಗಲಿನ ಚೀಲವನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟು, ಎತ್ತು ಹೂಡಿ ಎಳೆಸುತ್ತಿದ್ದರು. ಅಂಥ ಚೀಲ ಎರಡಿದ್ದವು. ಒಂದು ಮೂಲೆಯಲ್ಲಿ ಬಿದ್ದು ಇಲಿ ಕಡಿದದ್ದು. ಇನ್ನೊಂದನ್ನು ಮಾವ ಗೂಟಕ್ಕೆ ತೂಗು ಹಾಕಿ, ಹಬ್ಬಕ್ಕೊಮ್ಮೆ ಎಣ್ಣೆ ತಿಕ್ಕಿ, ಹೊಸದರಂತೆ ಕಾಯ್ದುಕೊಂಡಿದ್ದರು. ಇಂಜಿನ್ನು ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದು ಅವರ ನಂಬಿಕೆ. ಈಗ ಅದನ್ನು ಹೆಗಲಿಗೆ ಹಾಕಿಕೊಂಡು, ಕೋಲೂರಿಕೊಂಡು ಬಂದರು.

"ಕೊಟ್ರಬಸೂ, ನಿನ್ನ ಯಂತ್ರದ ಹಣೇಬಾರ ಸಾಕು!" ಎಂದು ಬಾವಿಯೊಳಕ್ಕೆ ಕೂಗಿದರು. "ನಾ ಎತ್ತು ಹೂಡ್ತೀನಿ. ಹೆದರಬ್ಯಾಡ ಮಗನ."

ಮಾವ ಎತ್ತು ಹೊಡೆಯಲು, ಸುಂಕಲಮ್ಮ ಮೇಲೆ ಬಂದ ಚೀಲ ಸುರುವಲು ನಿಂತರು. ನಾನು ಅವಳ ಸೊಂಟದ ಎಲೆ ಅಡಿಕೆ ಸಂಚಿ ಇಸಿದುಕೊಂಡು ಗುಡಿಸಲಿಗೆ ಓಡಿದೆ. ಒಣಗಿದ ತೊಗಲಿಗೆ ಕುಡುಗೋಲು ಜಾರುತ್ತಿತ್ತು. ಸಂಚಿಯ ಅಡಕೊತ್ತಿನಲ್ಲಿ ಹಿಡಿದು ಒತ್ತಿದರೆ ಕಟಕಟ ಎಂದು ತುಂಡಾಗುತ್ತಿತ್ತು. ಇಡೀ ಚೀಲದಲ್ಲಿ ಇಲಿ ಮುಟ್ಟದ ಜಾಗ ಒಂದು ತಟ್ಟೆಯಷ್ಟು. ಅದನ್ನು ನೆಲಕ್ಕೆ ಹಾಸಿ, ನಡುವೆ ನಾಲ್ಕು ಬೆರಳು ಇಟ್ಟೆ. ಇದ್ದಿಲಿನಿಂದ ಗೆರೆ ಎಳೆದು ಕೊಯ್ದೆ. ಅಂಚಿನಿಂದ ಒಂದು ಬೆರಳು ಇಟ್ಟು ನಾಲ್ಕು ಗುರುತು. ಒಲೆಯಲ್ಲಿ ಮೊಳೆ ಕೆಂಪಗೆ ಕಾಸಿ ಚುಚ್ಚಿದೆ. ಸುಟ್ಟ ತೊಗಲಿನ ನಾತಕ್ಕೆ ಕಣ್ಣೀರು ಬಂತು. ಸರಿ ಮಾಡುತ್ತಿದ್ದೇನೆಯೇ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅವರು ಹೇಳಿದ್ದಾರೆ, ನಾನು ಕೊಯ್ಯುತ್ತಿದ್ದೇನೆ, ಅಷ್ಟೇ ತಲೆಯಲ್ಲಿದ್ದದ್ದು.

ಕಟ್ಟೆಗೆ ಇಳಿದು ಪಾನಾ ಹಿಡಿದು ನಟ್ಟು ಬಿಚ್ಚಿದೆ. ಮೂರು ಬಂದವು. ನಾಲ್ಕನೆಯದು ಜಂಗು ಹಿಡಿದಿತ್ತು, ಅದರ ಜೊತೆ ನನ್ನ ಅಂಗೈಯ ಚರ್ಮವೂ ಬಂತು. ಪೈಪು ಸರಪಳಿಯಲ್ಲಿ ತೂಗುತ್ತಿದ್ದರಿಂದ ಕೆಳಗೆ ಬೀಳಲಿಲ್ಲ. ಸ್ವಲ್ಪ ಇಳಿದು ಕೈ ಹೋಗುವಷ್ಟು ಸಂದಿ ಬಿಟ್ಟಿತು. ಅಂಬಲಿಯಾಗಿದ್ದ ರಟ್ಟನ್ನು ಕೆರೆದು ತೆಗೆದು, ನನ್ನ ತೊಗಲಿನ ಬಿಲ್ಲೆಯನ್ನು ಒಳಗೆ ತೂರಿಸಿದೆ.

ಕೂಡಲಿಲ್ಲ. ಒಂದು ತೂತಿಗೆ ಬೋಲ್ಟು ಹೋದರೆ ಎದುರಿನದು ಒಂದು ಬೆರಳಿಗಿಂತ ಹೆಚ್ಚು ಒಳಗೆ ಉಳಿಯುತ್ತಿತ್ತು. ಎಳೆದೆ. ಹಿಗ್ಗಲಿ ಎಂದು ನೀರು ಹಚ್ಚಿ ಮತ್ತೆ ಎಳೆದೆ. ಮೊಳೆ ಸುಟ್ಟು ಸೆಟೆದಿದ್ದ ತೂತಿನಿಂದ ತೊಗಲು ಚರ್ರೆಂದು ಅಂಚಿನವರೆಗೆ ಸೀಳಿತು.

"ಹತ್ತಿತೇನು?" ಕೆಳಗಿನಿಂದ ದನಿ ಬಂತು. ನೀರು ಎದೆಗೆ ಬಂದಿತ್ತು. ಆದೆಪ್ಪ ತನ್ನ ರುಮಾಲು ಬಿಚ್ಚಿ ಅವರ ಕಂಕುಳಿಗೆ ಹಾಕಿ ಹಿಂದಿನಿಂದ ಎತ್ತಿ ಹಿಡಿದಿದ್ದ.

"ಇಲ್ರಿ. ತೂತು ಕೂಡವಲ್ಲವು. ಸಣ್ಣದಾಗೈತಿ. ಹರೀತು."

"ನಾಲ್ಕ ಬೆರಳು ಅಂದ್ನೆಲ್ಲ! ತಪ್ಪಿಸಿದೇನು? ಅಷ್ಟು ತಿಳೀವಲ್ದೇನು ನಿನಗ?"

"ನಾಲ್ಕ ಬೆರಳ ಇಟ್ಟೀನ್ರಿ."

"ಇಟ್ಟಿದ್ರ ಯಾಕ ಕೂಡಂಗಿಲ್ಲ? ಮತ್ತ ಕೊಯ್ಯಿ. ಬರೋಬರ್ ನಾಲ್ಕ ಬೆರಳು. ನೀ ತಲಿ ಓಡಿಸಬ್ಯಾಡ, ನಾ ಹೇಳಿದ್ದು..."

ಅಷ್ಟರಲ್ಲಿ ನೋವಿಗೆ ದನಿ ಮುರಿಯಿತು. ಕಲ್ಲು ಕೆಸರಿನಲ್ಲಿ ಇನ್ನಷ್ಟು ಕೂತಿತ್ತು, ಅವರನ್ನೂ ಕೆಳಗೆ ಎಳೆದಿತ್ತು. ನೀರು ಗದ್ದಕ್ಕೆ ಬಂತು. ಆದೆಪ್ಪ ಅವರ ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗೈಯಲ್ಲಿ ಹಿಡಿದ. ಮುಖ ಆಕಾಶಕ್ಕೆ ಬಂತು, ಕಿವಿ ಎರಡೂ ನೀರಿನೊಳಗೆ ಹೋದವು.

"ರೀ!" ಎಂದೆ. "ಕೇಳಸ್ತೈತೇನ್ರಿ?"

ಅವರು ಕಣ್ಣು ಬಿಟ್ಟುಕೊಂಡೇ ಇದ್ದರು, ನನ್ನ ಕಡೆ ನೋಡಲಿಲ್ಲ. ಏನೋ ಹೇಳಲು ಬಾಯಿ ತೆರೆದರು, ನೀರು ಹೊಕ್ಕು ಕೆಮ್ಮಿದರು. ಆದೆಪ್ಪ ಬಾಯಿ ಮುಚ್ಚಿಸಿದ. "ಮಾತಾಡಬ್ಯಾಡ್ರಿ ಧಣ್ಯಾರ, ಮಾತಾಡಬ್ಯಾಡ್ರಿ," ಎನ್ನುತ್ತಿದ್ದ.

ನನಗೆ ಹೇಳುವವರು ಇನ್ನು ಯಾರೂ ಇರಲಿಲ್ಲ. ಅವರ ಮುಖ ನೋಡಲು ಕಟ್ಟೆಯ ಅಂಚಿಗೆ ಬಗ್ಗಿದೆ. ಬೀಳದ ಹಾಗೆ ಪೈಪಿನ ಬಿಲ್ಲೆಯ ಮೇಲೆ ಕೈ ಊರಿದೆ. ಎತ್ತಿದಾಗ ಅಂಗೈಯಲ್ಲಿ ರಕ್ತದ ಜೊತೆ ಜಂಗಿನ ಕೆಂಪು ಬಳೆ ಮೂಡಿತ್ತು. ಪೈಪಿನ ಬಾಯಿಯ ಗುರುತು. ಅದು ನನ್ನ ನಾಲ್ಕು ಬೆರಳಿನ ಬುಡವನ್ನು ದಾಟಿ ಹೆಬ್ಬೆರಳಿನ ದಿಬ್ಬದ ಮೇಲೆ ಹರಿದಿತ್ತು. ನಾನು ಅದನ್ನೇ ನೋಡಿದೆ. ನಾಲ್ಕೇ ಬೆರಳಿಗೆ ಈ ಬಾಯಿ ಎಲ್ಲಿ ತುಂಬಬೇಕು? ಐದು ಇಟ್ಟರೂ ಜಾಗ ಉಳಿಯುತ್ತದೆ.

ಆಗ ಹೊಳೆಯಿತು. ಅವರು ಹೇಳಿದ್ದು ತಮ್ಮ ನಾಲ್ಕು ಬೆರಳು. ಹಾರೆ ಹಿಡಿದು, ಪಾನಾ ಹಿಡಿದು ದಪ್ಪಗಾದ ಬೆರಳು. ನಾನು ಇಟ್ಟದ್ದು ನನ್ನವು. ಹೇಳಿದವರಿಗೂ ಅದು ನೆನಪಾಗಲಿಲ್ಲ, ಕೊಯ್ದವಳಿಗೂ ಆಗಲಿಲ್ಲ. ಕಬ್ಬಿಣ ನನ್ನ ಕಣ್ಣ ಮುಂದೆಯೇ ಇತ್ತು. ಅದನ್ನು ಬಿಟ್ಟು ಅವರ ಮಾತನ್ನು ಅಳೆಯುತ್ತಾ ಕೂತಿದ್ದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಹರಿದ ತೊಗಲನ್ನು ಕಿತ್ತು ಪಕ್ಕಕ್ಕೆ ಎಸೆದೆ.

ಆದರೆ ಇನ್ನೊಂದು ಬಿಲ್ಲೆಗೆ ತೊಗಲು ಎಲ್ಲಿತ್ತು? ಹಳೆಯ ಚೀಲದಲ್ಲಿ ಉಳಿದದ್ದು ಬರೀ ಚಿಂದಿ. ಗಟ್ಟಿ ತೊಗಲು ಒಂದೇ, ಅದು ಹಗ್ಗದ ತುದಿಯಲ್ಲಿ ನನ್ನ ಪಕ್ಕದಲ್ಲೇ ಮೇಲೆ ಕೆಳಗೆ ಓಡಾಡುತ್ತಿತ್ತು. ಮೆಟ್ಟಿಲು ಹತ್ತಿ ಎತ್ತಿನ ಮುಂದೆ ಹೋಗಿ ನಿಂತೆ. ಎತ್ತು ಬಾಯಲ್ಲಿ ನೊರೆ ಬಿಡುತ್ತಿದ್ದವು.

"ಮಾವಾರ, ಕಪಲಿ ನಿಲ್ಸ್ರಿ. ಆ ತೊಗಲು ನನಗ ಬೇಕು."

ಅವರ ಮುಂದೆ ಸೆರಗಿಲ್ಲದೆ ನಿಂತು ಮಾತಾಡಿದ್ದೂ ಅದೇ ಮೊದಲು. ಸೆರಗು ಎಲ್ಲಿ ಬಿದ್ದಿತ್ತೋ.

"ತಲಿ ಕೆಟ್ಟೈತೇನು ತಂಗಿ? ಇದೊಂದು ನೀರು ತಡದೈತಿ. ಇದನ್ನೂ ಕೊಯ್ದು ಹಾಳು ಮಾಡ್ತೀ?"

"ತಡದೈತಿ, ಇಳಸವಲ್ದು. ಎತ್ತು ಇನ್ನೆಷ್ಟೊತ್ತು ಎಳೀತಾವ್ರಿ?"

"ಮೊದಲಿಂದು ಹಾಳು ಮಾಡಿದಾಕಿ ಯಾರು?"

"ನಾನ. ಅವರು ಹೇಳಿದಂಗ ಕೊಯ್ದೆ, ಹಾಳಾತು. ಈಗ ನೋಡಿ ಕೊಯ್ತೀನಿ."

ಮಾವ ಮೀಸೆ ಕಚ್ಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ದಂಡೆಗೆ ಹೋಗಿ ಬಗ್ಗಿದರು. ಕೆಳಗೆ ಆದೆಪ್ಪನ ಎರಡು ಕೈ, ಅವುಗಳ ನಡುವೆ ಮಗನ ಹಣೆ, ಮೂಗು, ತುಟಿ ಮಾತ್ರ ನೀರಿನ ಮೇಲಿದ್ದವು. ಅವರು ತಿರುಗಿ ಬಂದು ಚೀಲದ ಹಗ್ಗ ಬಿಚ್ಚಿದರು.

ಕಪಲಿ ನಿಂತ ಮೇಲೆ ಬಾವಿ ಮೌನವಾಯಿತು. ಆ ಮೌನವನ್ನು ನಾನೇ ಮಾಡಿದ್ದೆ. ನನ್ನ ಲೆಕ್ಕ ತಪ್ಪಿದ್ದರೆ ಗಂಡನನ್ನು ಕೊಂದವಳು ನಾನೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಚೀಲದ ತಳದಿಂದ ದೊಡ್ಡ ತುಂಡು ಕೊಯ್ದು ಕಟ್ಟೆಗೆ ಇಳಿದೆ. ಸಂಚಿಯಲ್ಲಿ ಸುಣ್ಣದ ಡಬ್ಬಿ ಇತ್ತು. ಬೆರಳಿನಿಂದ ಸುಣ್ಣ ತೆಗೆದು ಪೈಪಿನ ಬಿಲ್ಲೆಯ ಮೇಲೆಲ್ಲ ತೆಳ್ಳಗೆ ಸವರಿದೆ. ಅದರ ಮೇಲೆ ತೊಗಲು ಇಟ್ಟು ಎರಡೂ ಅಂಗೈಯಿಂದ ಒತ್ತಿ, ಮೆಲ್ಲಗೆ ಬಿಡಿಸಿದೆ. ಕಪ್ಪು ತೊಗಲಿನ ಮೇಲೆ ಬೆಳ್ಳಗೆ ಬಿಲ್ಲೆ ಮೂಡಿತ್ತು. ನಡುವೆ ದುಂಡನೆಯ ಬಾಯಿ, ಸುತ್ತ ನಾಲ್ಕು ತೂತಿನ ಕಪ್ಪು ಚುಕ್ಕೆ. ಬೆರಳೂ ಬೇಡ, ಗೇಣೂ ಬೇಡ.

ಮೇಲೆ ಬಂದು ಅಡಕೊತ್ತಿನಿಂದ ಸುತ್ತಲೂ ಕತ್ತರಿಸಿದೆ. ಬಾಯಿಯನ್ನು ಕುಡುಗೋಲಿನ ಮೊನೆಯಿಂದ ಕೊರೆದೆ. ತೂತು ಉಳಿದವು. ಮೊಳೆ ಕಾಸಿದರೆ ಮತ್ತೆ ಸೀಳುತ್ತದೆ. ಸುಡದೆ, ದುಂಡಗೆ ಕತ್ತರಿಸಿ ತೆಗೆಯುವಂಥದ್ದು ಬೇಕು, ಬೋಲ್ಟಿನಷ್ಟೇ ದಪ್ಪನೆಯದು. ಕೈಯಲ್ಲಿ ಒಂದು ಬೋಲ್ಟು ಹಿಡಿದು ಸುತ್ತ ನೋಡಿದೆ. ಕುರ್ಪಿ, ಕೊಡಲಿ, ಕೊಡ. ಯಾವುದೂ ಆಗುವಂಥದ್ದಲ್ಲ. ಆಗ ಮಾವನ ಕೋಲಿನ ತುದಿ ಕಣ್ಣಿಗೆ ಬಿತ್ತು. ಕಟ್ಟಿಗೆ ಸವೆಯಬಾರದೆಂದು ಹಾಕಿಸಿದ ಕಬ್ಬಿಣದ ಅಣಸು, ನಳಿಗೆಯಂಥದ್ದು. ನಾನು ಹೇಳಲಿಲ್ಲ, ಕೇಳಲಿಲ್ಲ, ಕೋಲಿಗೇ ಕೈ ಹಾಕಿದೆ. ಮಾವ ನನ್ನ ಕೈಯ ಬೋಲ್ಟು ನೋಡಿದರು, ಕೋಲು ನೋಡಿದರು.

"ಬಿಡು, ನಾ ತಗೀತೀನಿ," ಎಂದರು.

ಕೋಲನ್ನು ಕಲ್ಲಿಗೆ ಬಡಿದು ಮುರಿದು, ಅಣಸನ್ನು ಕಿತ್ತು, ಒಳಗಿನ ಕಟ್ಟಿಗೆ ಹೊಡೆದು ಹೊರಗೆ ಹಾಕಿದರು. ಅದರ ಬಾಯಿಯನ್ನು ದಂಡೆಯ ಕಲ್ಲಿಗೆ ಗರಗರ ತಿಕ್ಕಿದರು. ಎಪ್ಪತ್ತು ದಾಟಿದ ಕೈ, ಆದರೂ ಒಮ್ಮೆಯೂ ನಿಲ್ಲಲಿಲ್ಲ.

"ತುಟಿ ಮುಳಗಿತ್ರಿ!" ಕೆಳಗಿನಿಂದ ಆದೆಪ್ಪ ಕೂಗಿದ. "ಮೂಗು ಒಂದ ಉಳದೈತಿ! ಜಲ್ದಿ ಮಾಡ್ರಿ!"

ಸುಂಕಲಮ್ಮ ಜಾಲಿ ಕೊರಡನ್ನು ತಂದು ತೊಗಲಿನ ಕೆಳಗೆ ಕೊಟ್ಟಳು. ಮಾವ ಅಣಸನ್ನು ಚುಕ್ಕೆಯ ಮೇಲೆ ನೆಟ್ಟಗೆ ಹಿಡಿದರು, ನಾನು ಕೊಡಲಿಯ ಹಿಂಬದಿಯಿಂದ ಹೊಡೆದೆ. ಒಂದು. ದುಂಡನೆಯ ತುಣುಕು ಹಾರಿತು. ಎರಡು. ಮೂರನೆಯ ಏಟು ಜಾರಿ ಮಾವನ ಹೆಬ್ಬೆರಳಿಗೆ ಬಿತ್ತು, ಅವರು ಕೈ ಕದಲಿಸಲಿಲ್ಲ. "ಹೊಡಿ," ಎಂದರು ಅಷ್ಟೇ. ಮೂರು. ನಾಲ್ಕು. ಬಂಡಿಯ ಗಾಲಿಗೆ ಹಚ್ಚುವ ಕೀಲೆಣ್ಣೆಯಲ್ಲಿ ಬಿಲ್ಲೆಯನ್ನು ಎರಡೂ ಕಡೆ ಮೆತ್ತಿ, ಹಲ್ಲಲ್ಲಿ ಕಚ್ಚಿಕೊಂಡು ಕಟ್ಟೆಗೆ ಇಳಿದೆ.

ಮೊದಲ ಬೋಲ್ಟು ಹೋಯಿತು. ಎದುರಿನದು ಹೋಯಿತು. ಇನ್ನೆರಡೂ ಹೋದವು. ನನಗೆ ಅಳು ಬಂತು, ಅಳಲು ಹೊತ್ತಿರಲಿಲ್ಲ. ಅವರು ಬಿಗಿಯುವಾಗ ಎದುರುಬದುರಿನ ನಟ್ಟು ಬಿಗಿಯುತ್ತಿದ್ದದ್ದನ್ನು ರೊಟ್ಟಿ ಕೊಡಲು ಬಂದಾಗ ಎಷ್ಟೋ ಸಲ ನೋಡಿದ್ದೆ. ಹಾಗೆಯೇ ಬಿಗಿದೆ. ಪಂಪಿನ ಹೊಟ್ಟೆಗೆ ಮೊದಲು ನೀರು ಕುಡಿಸಬೇಕು, ಅದನ್ನೂ ನೋಡಿದ್ದೆ. ಮಾವ ಮೇಲಿನಿಂದ ಕೊಡ ಇಳಿಸಿದರು. ಸುಂಕಲಮ್ಮ ಹಿಂದೆಯೇ ಇಳಿದು ಬಂದು ಸುರಿದಳು. ಮೂರು ಕೊಡ ಹೋದ ಮೇಲೆ ನೀರು ಮೇಲಕ್ಕೆ ಉಕ್ಕಿತು.

ಇನ್ನು ಇಂಜಿನ್ನು. ಅದರ ಹಿಡಿಕೆಯನ್ನು ಅವರು ಒಬ್ಬರೇ ತಿರುಗಿಸುತ್ತಿದ್ದರು. ನಾವಿಬ್ಬರೂ ಹಿಡಿದೆವು. ಮೊದಲ ಸಲ ಅರ್ಧ ಸುತ್ತಿಗೇ ನಿಂತಿತು. ಎರಡನೆಯ ಸಲ ಹಿಂದಕ್ಕೆ ಒದ್ದು ಸುಂಕಲಮ್ಮನನ್ನು ಗೋಡೆಗೆ ಎಸೆಯಿತು.

ಆದೆಪ್ಪನ ಕೂಗು ನಿಂತಿತ್ತು. ಬಗ್ಗಿ ನೋಡಿದೆ. ಮುಖ ಇರಲಿಲ್ಲ. ಬರೀ ನೀರು, ಅದರ ಮೇಲೆ ಆದೆಪ್ಪನ ತಲೆ. ಆ ತಲೆ ಬಾಯಿ ತುಂಬ ಗಾಳಿ ಎಳೆದುಕೊಂಡು ನೀರಿನೊಳಗೆ ಮುಳುಗುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು. ತನ್ನ ಬಾಯಿಯ ಉಸಿರನ್ನು ಅವರ ಬಾಯಿಗೆ ಊದುತ್ತಿದ್ದ. ಇದನ್ನು ಆದೆಪ್ಪ ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ. ನಾನು ಕಣ್ಣಾರೆ ಕಂಡದ್ದು, ಅದಕ್ಕೇ ಹೇಳುತ್ತಿದ್ದೇನೆ.

"ಅಕ್ಕಾರ, ಹಿಡೀರಿ!" ಸುಂಕಲಮ್ಮ ಎದ್ದು ಬಂದಿದ್ದಳು. ಹಣೆಯಲ್ಲಿ ರಕ್ತ. ಗಂಡ ಅವಳಿಗೂ ಒಬ್ಬನೇ, ಅವನೂ ಅದೇ ಸಡಿಲ ಕಲ್ಲುಗಳ ಕೆಳಗೆ ಇದ್ದ. ಇಬ್ಬರೂ ಒಂದೇ ದನಿಯಲ್ಲಿ ಚೀರಿ ಹಿಡಿಕೆ ತಿರುಗಿಸಿದೆವು. ಓಟ ಬಂದಾಗ, ಅವರು ಮಾಡುತ್ತಿದ್ದಂತೆಯೇ, ಇಂಜಿನ್ನಿನ ತಲೆಯ ಮೇಲೆ ಒತ್ತಿ ಹಿಡಿದಿದ್ದ ಸನ್ನೆಕೋಲನ್ನು ಬಿಟ್ಟೆ. ಇಂಜಿನ್ನು ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಹಿಡಿಯಿತು.

ಬಿಲ್ಲೆಯ ಸಂದಿಗೆ ಕೈ ಸುತ್ತಿ ಹಿಡಿದೆ. ಗಾಳಿ ಎಳೆಯುತ್ತದೆಯೇ ಎಂದು ಕೈಯೇ ಹೇಳಬೇಕು. ಎಳೆಯಲಿಲ್ಲ. ಮೇಲಿನಿಂದ ಮಾವನ ದನಿ ಕೇಳಿಸಿತು. "ಬಂತು! ನೀರು ಬಂತು!"

ಆ ನೀರು ಇಳಿಯಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಮೊದಲು ಮೂಗು ಕಂಡಿತು. ಆಮೇಲೆ ಹಣೆ. ಆಮೇಲೆ ಬಾಯಿ ತೆರೆದು, ವಾಂತಿ ಮಾಡಿ, ಹಸುಳೆಯಂತೆ ಅತ್ತರು. ಗಂಡಸರು ಅಳುವುದು ಕಂಡರೆ ನನಗೆ ಆಗುವುದಿಲ್ಲ, ಅವತ್ತು ಮಾತ್ರ ಕಿವಿ ತುಂಬ ಕೇಳಿದೆ.

ನೀರು ಮೊಣಕಾಲಿಗೆ ಇಳಿದ ಮೇಲೆ ಆದೆಪ್ಪ ಮೇಲಿನ ಕಲ್ಲುಗಳಿಗೆ ಕಟ್ಟಿಗೆ ಆನಿಸಿದ. ಸಂತೆಯಿಂದ ಮರಳಿದ ಆಳುಗಳು ಇಳಿದು, ಹಾರೆ ಕೊಟ್ಟು ಕಲ್ಲು ಎತ್ತಿದರು. ಕಾಲು ಎರಡು ಕಡೆ ಮುರಿದಿತ್ತು. ಎಲುಬು ಕಟ್ಟುವವರು ಬಂದು ಬಿದಿರು ಸೀಳಿ ಕಟ್ಟಿ ಹೋದರು. ಇಂಜಿನ್ನು ಮಾತ್ರ ಅಷ್ಟು ಹೊತ್ತೂ ನಿಲ್ಲದೆ ಓಡಿತು, ಬಿಲ್ಲೆಯ ಸಂದಿ ಒಂದಿಷ್ಟೂ ಗಾಳಿ ಎಳೆಯಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಹೊರಸಿನ ಸುತ್ತ ಜನ ಸೇರಿದ್ದರು. ಇವರಿಗೆ ಜೀವ ಬಂದ ಹಾಗೆ ದನಿಯೂ ಬಂತು.

"ನಾ ತಳದಾಗ ಕುಂತು ಹೇಳಿದ್ನಿ," ಎನ್ನುತ್ತಿದ್ದರು. "ತೊಗಲು ಹಿಂಗ ಕೊಯ್ಯಿ, ತೂತು ಹಿಂಗ ಹಾಕು ಅಂತ. ಈಕಿ ಹೇಳಿದಂಗ ಮಾಡಿದ್ಲು."

ಜನ ಹೌದಪ್ಪ ಹೌದು ಎಂದರು. ಮಾವ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದವರು ಎದ್ದು, ಮಗನ ಮುಖವನ್ನೊಮ್ಮೆ ನೋಡಿ, ಎತ್ತಿಗೆ ಮೇವು ಹಾಕಲು ಹೋದರು. ನನಗೆ ಮೈಯೆಲ್ಲ ಉರಿಯಿತು. ಸತ್ತು ಬದುಕಿದವರ ಮೇಲೆ ಸಿಟ್ಟು ಮಾಡಬಾರದು ಎಂದು ಗಂಜಿ ಕಾಸಲು ಕೂತೆ. ಗಂಜಿ ಕುದಿಯಿತು, ನಾನೂ ಕುದಿದೆ.

ಜನರೆಲ್ಲ ಹೋದ ಮೇಲೆ ದೀಪ ಹಚ್ಚಿ ಗಂಜಿ ತಂದು ಪಕ್ಕದಲ್ಲಿಟ್ಟೆ. ಇಟ್ಟದ್ದು ಸ್ವಲ್ಪ ಜೋರಾಗಿಯೇ.

"ನೀವು ಹೇಳಿದಂಗ ಮಾಡಿದ್ರ ಇಷ್ಟೊತ್ತಿಗೆ ನಾ ಬಳಿ ಒಡಸ್ಕೊಂಡು ಕುಂದರ್ತಿದ್ನಿ."

ಅವರು ಸಿಟ್ಟಾಗುತ್ತಾರೆ ಎಂದು ಕಾದೆ. ಆಗಲಿಲ್ಲ.

"ಗೊತ್ತೈತಿ," ಎಂದರು.

"ಏನು ಗೊತ್ತೈತ್ರಿ?"

ಅವರು ನನ್ನ ಕೈ ಹಿಡಿದು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ನನ್ನ ನಾಲ್ಕು ಬೆರಳು ಅವರ ಮೂರು ಬೆರಳಿನ ಮೇಲೆಯೇ ಮುಗಿದವು.

"ಕಿವಿಗೆ ನೀರು ಹೊಕ್ಕ ಮ್ಯಾಲ ತಿಳೀತು ನನಗ," ಎಂದರು. "ಬೆರಳು ನನ್ನವು, ಕೊಯ್ಯಾಕಿ ನೀನು. ಒದರಾಕ ಬಾಯಿ ತಗದ್ನಿ, ನೀರು ಬಂತು. ಮತ್ತ ಕೊಯ್ಯಿ, ನಾಲ್ಕ ಬೆರಳು ಅಂತ ನಾನ ಹೇಳಿದ್ನೆಲ್ಲ. ನೀ ಹಂಗ ಮಾಡ್ತಿ ಅಂತ ಗೊತ್ತಿತ್ತು. ಹನ್ನೊಂದು ವರ್ಷ ಒಂದಿನ ನನ್ನ ಮಾತು ಮೀರಿದಾಕಿ ಅಲ್ಲ. ಇವತ್ತೊಂದಿನ ಮೀರಲಿ ದೇವರ, ಇದೊಂದ ಸಲ ಈಕಿ ನನ್ನ ಮಾತು ಕೇಳದಂಗ ಮಾಡು ಅಂತ ಬೇಡ್ಕೊಂಡ್ನಿ. ಕೇಳೇ ಕೇಳ್ತೀ ಅಂತ ಕಣ್ಣು ಮುಚ್ಚಿದ್ನಿ."

ನನಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ಕೂಡಿಯೇ ಬಂದವು.

"ದೇವರಿಗೆ ಯಾಕ ಹೇಳಾಕ ಹೋದ್ರಿ?" ಎಂದೆ. "ನೀ ನೋಡಿ ಕೊಯ್ಯಿ ಅಂತ ಮೊದಲ ನನಗ ಹೇಳಿದ್ರ ಆಗ್ತಿತ್ತು."

ಅವರು ಗಂಜಿ ಆರಿ ಕೆನೆ ಕಟ್ಟುವ ತನಕ ನನ್ನ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು.